ಬ್ಯಾಡಗಿ ಮೆಣಸಿನಕಾಯಿಗೂ ಒಂದು ಅಂಕಪಟ್ಟಿ ಬೇಕು

ಟೆಂಡರ್ ದಿನ ಬೆಳಗಾದರೆ ಬ್ಯಾಡಗಿ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಗಳ ಮುಂದೆ ಚೀಲಗಳ ಬಾಯಿ ಬಿಚ್ಚಿರುತ್ತದೆ. ಖರೀದಿದಾರ ಬರುತ್ತಾನೆ, ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದ ಕಾಯಿ ಎಳೆಯುತ್ತಾನೆ. ಮೇಲೆ ಇಟ್ಟದ್ದನ್ನು ನಂಬಿ ಕೆಟ್ಟವರ ಕತೆ ಅವನಿಗೆ ಗೊತ್ತು. ಕಾಯಿಗಳನ್ನು ಮುಷ್ಟಿಯಲ್ಲಿ ಅದುಮುತ್ತಾನೆ. ಬಾಗಿ ಮತ್ತೆ ಎದ್ದರೆ ತೇವ ಉಳಿದಿದೆ, ಪಟಪಟನೆ ಮುರಿದರೆ ಒಣಗಿದ್ದು ಹೆಚ್ಚಾಯಿತು. ಒಂದನ್ನು ಸೀಳಿ ಒಳಮೈಯ ಬಣ್ಣ ನೋಡುತ್ತಾನೆ, ಬೀಜ ನೋಡುತ್ತಾನೆ, ಮೂಗಿನ ಹತ್ತಿರ ಹಿಡಿಯುತ್ತಾನೆ, ‘ಬಣ್ಣ ಚಲೋ ಐತಿ’ ಎಂದು ಪಕ್ಕದವನಿಗೆ ಗೊಣಗಿ ಮುಂದಿನ ಲಾಟಿಗೆ ನಡೆಯುತ್ತಾನೆ. ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಆಮೇಲೆ ದರ ಪ್ರಕಟವಾಗುತ್ತದೆ. ಆ ದರ ಯಾಕೆ ಬಂತು ಎಂಬುದನ್ನು ಮಾತ್ರ ಯಾರೂ ರೈತನಿಗೆ ಬರೆದು ಕೊಡುವುದಿಲ್ಲ.

ದೇಶದ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಗಳ ಪಟ್ಟಿಯಲ್ಲಿ ಗುಂಟೂರಿನ ಜತೆಗೆ ಹೆಸರು ಹೇಳಿಸಿಕೊಳ್ಳುವ ಊರು ಬ್ಯಾಡಗಿ. 2011ರಲ್ಲಿ ಇಲ್ಲಿನ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಕೈಯಿಂದಲೇ ತೇವಾಂಶ ಹೇಳಬಲ್ಲ, ದೂರದಿಂದಲೇ ಬ್ಯಾಡಗಿಯ ಕಡ್ಡಿ, ಡಬ್ಬಿ ತಳಿಗಳನ್ನೂ ಗುಂಟೂರು ತಳಿಯನ್ನೂ ಬೇರೆ ಮಾಡಬಲ್ಲ ಪರಿಣತರು ಇಲ್ಲಿ ಓಣಿಗೊಬ್ಬರಿದ್ದಾರೆ. ಕೊರತೆ ಇರುವುದು ಪರಿಣತಿಯದಲ್ಲ, ಅದರ ದಾಖಲೆಯದು. ಆ ತಿಳಿವಳಿಕೆಯೆಲ್ಲ ಖರೀದಿದಾರನ ಬೆರಳಿನಲ್ಲಿ ಉಳಿದುಬಿಡುತ್ತದೆ. ಕಾಗದಕ್ಕೆ ಇಳಿಯುವುದು ಒಂದೇ ಗುಣ, ಬಣ್ಣ.

ಬಣ್ಣಕ್ಕೆ ಅಳತೆಗೋಲಿದೆ. ಅಮೆರಿಕದ ಮಸಾಲೆ ವರ್ತಕರ ಸಂಘ ರೂಪಿಸಿದ ವಿಧಾನ ಅದು. ಸಂಘದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಮಾನದ ಹೆಸರಾಗಿ ‘ಆಸ್ಟಾ’ ಎಂದು ಬಳಕೆಯಲ್ಲಿದೆ. ಮೆಣಸಿನಕಾಯಿ ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, 16 ಗಂಟೆ ಕತ್ತಲಲ್ಲಿಟ್ಟು, ಬಣ್ಣ ಬಿಟ್ಟ ದ್ರವದೊಳಗೆ 460 ನ್ಯಾನೊಮೀಟರ್ ತರಂಗಾಂತರದ ಬೆಳಕು ಹಾಯಿಸುತ್ತಾರೆ. ದ್ರವ ಎಷ್ಟು ಬೆಳಕು ಹೀರಿತೋ ಅಷ್ಟು ಅಂಕ. ಒಳ್ಳೆಯ ಬ್ಯಾಡಗಿ ಕಾಯಿ 150ರ ಆಸುಪಾಸು ನಿಲ್ಲುತ್ತದೆ. ಈ ಅಂಕವನ್ನು ಕಾಯುವವರು ಕಾಯಿಯಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆಯುವ ಕಾರ್ಖಾನೆಯವರು. ಒಂದು ಟನ್ ಬ್ಯಾಡಗಿ ಮೆಣಸಿನಕಾಯಿಯಿಂದ ಸುಮಾರು 50 ಲೀಟರ್ ಓಲಿಯೊರೆಸಿನ್ ಬರುತ್ತದೆಂಬ ಲೆಕ್ಕವಿದೆ. ಅದು ಸಾಸ್‌ಗೆ ಹೋಗುತ್ತದೆ, ಮಾಂಸದ ಉತ್ಪನ್ನಗಳಿಗೆ ಹೋಗುತ್ತದೆ, ಲಿಪ್‌ಸ್ಟಿಕ್‌ಗೆ, ಉಗುರು ಬಣ್ಣಕ್ಕೂ ಹೋಗುತ್ತದೆ. ಲಿಪ್‌ಸ್ಟಿಕ್ ಮಾಡುವವನಿಗೆ ಕಾಯಿಯ ಘಮ ಕಟ್ಟಿಕೊಂಡು ಏನಾಗಬೇಕು? ಅವನು ಬಣ್ಣಕ್ಕೆ ಮಾತ್ರ ದುಡ್ಡು ಕೊಡುವುದು ನ್ಯಾಯವೇ. ಆದರೆ ಅವನ ಅಳತೆಗೋಲು ಇಡೀ ಮಾರುಕಟ್ಟೆಯ ಅಳತೆಗೋಲಾದಾಗ ಅಡುಗೆಮನೆಯ ಪಾಲು ಕರಗಿಹೋಗುತ್ತದೆ.

ಕಣ್ಣಿಗೆ ತಕ್ಕಂತೆ ಮಾಲು ತಿದ್ದುವ ಕೆಲಸ ಬ್ಯಾಡಗಿ ಇರುವ ಹಾವೇರಿ ಜಿಲ್ಲೆಗೆ ಹೊಸತೇನಲ್ಲ. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಮಲೆನಾಡಿನಿಂದ ಬರುತ್ತಿತ್ತು. ಬಂದ ಕಾಯಿಯನ್ನು ಇಲ್ಲಿನ ಬಾವಿಯ ನೀರು, ಅಂಟುವಾಳಕಾಯಿ ಹಾಕಿ ತೊಳೆದು ಬೆಳ್ಳಗೆ ಮಾಡುತ್ತಿದ್ದ ಬಗೆಯನ್ನು ಬ್ರಿಟಿಷರ ಕಾಲದ ದಾಖಲೆಗಳು ವಿವರವಾಗಿ ಬರೆದಿಟ್ಟಿವೆ. ಆಗ ಬೆಳ್ಳಗಿನ ಏಲಕ್ಕಿಗೆ ಬೆಲೆ. ಈಗ ಪೇಟೆಯವರು ಹಸಿರಾಗಿರುವುದನ್ನೇ ಕೇಳುತ್ತಾರೆ. ಎರಡೂ ಕಾಲದಲ್ಲಿ ತೀರ್ಪು ಕೊಟ್ಟದ್ದು ಕಣ್ಣೇ. ಒಳಗಿನ ಕಪ್ಪು ಬೀಜದ ಕಂಪು ಅಂದೂ ಇಂದೂ ದರದ ಚೀಟಿಯಲ್ಲಿಲ್ಲ.

ಕಣ್ಣಿನ ತೀರ್ಪಿಗೆ ಇನ್ನೂ ಕೆಟ್ಟ ಮುಖವಿದೆ. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಬಗೆಯ ಆಹಾರ ಪದಾರ್ಥಗಳನ್ನು ವಾಪಸ್ ತೆಗೆಸಬೇಕಾಯಿತು. ಮೂಲ ಹುಡುಕಿದರೆ ಸಿಕ್ಕಿದ್ದು ವೂಸ್ಟರ್ ಸಾಸ್‌ಗೆ ಬಳಸಿದ್ದ ಮೆಣಸಿನ ಪುಡಿ. ಅದಕ್ಕೆ ಸುಡಾನ್-1 ಎಂಬ ಕೈಗಾರಿಕಾ ಬಣ್ಣ ಬೆರೆಸಲಾಗಿತ್ತು. ಪುಡಿ ಹೋದದ್ದು ಭಾರತದಿಂದ. ಇದು ಬ್ಯಾಡಗಿಯ ಮೇಲೆ ಹೊರಿಸುವ ಆರೋಪವಲ್ಲ. ಕೆಂಪಿಗೆ ಮಾತ್ರ ದುಡ್ಡು ಎಂದಾದ ವ್ಯಾಪಾರದಲ್ಲಿ ಕೆಂಪನ್ನು ಡಬ್ಬದಿಂದ ಸುರಿಯುವವನು ಎಲ್ಲಿಯಾದರೂ ಒಬ್ಬ ಹುಟ್ಟಿಯೇ ಹುಟ್ಟುತ್ತಾನೆ. ಕಾಯಿ ಒಡೆಯದಿರಲಿ, ತೂಕ ಇಳಿಯದಿರಲಿ ಎಂದು ನೀರು ಚಿಮುಕಿಸುವವರೂ ಇದೇ ಲೆಕ್ಕಾಚಾರದ ಮಕ್ಕಳು. ಆ ತೇವದಲ್ಲಿ ಬೂಸ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರಿದರೆ ಮೇಲ್ನೋಟಕ್ಕೆ ಏನೂ ಕಾಣದು. ಯುರೋಪಿನ ಮಿತಿ ಕಿಲೋಗೆ 10 ಮೈಕ್ರೊಗ್ರಾಂ. ಅದನ್ನು ಮೀರಿದ ಮಾಲು ಬಂದರಿನಲ್ಲೇ ನಿಲ್ಲುತ್ತದೆ.

ಹಾಗಾದರೆ ರುಚಿ, ವಾಸನೆಗಳನ್ನು ಅಂಕಕ್ಕೆ ಇಳಿಸುವುದು ಸಾಧ್ಯವೇ? ಇದನ್ನು ತುಂಬ ಗಂಭೀರವಾಗಿ ಮಾಡುವವರು ಬಿಯರ್ ಪಂಡಿತರು. ಮದ್ಯದ ಮಾತು ಬಂತೆಂದು ಹುಬ್ಬೇರಿಸುವವರು ಹಾವೇರಿ ಸೀಮೆಯಲ್ಲಿ ಕಡಿಮೆಯೇನಿಲ್ಲ. ಕುಡಿಯುವುದು, ಬಿಡುವುದು ಅವರವರಿಗೆ ಸೇರಿದ್ದು. ಇಲ್ಲಿ ಬೇಕಾದದ್ದು ಅವರ ಪದ್ಧತಿ ಮಾತ್ರ.

ಕರ್ನಾಟಕ ಸರ್ಕಾರ 2010ರಲ್ಲಿ ಮೈಕ್ರೊಬ್ರೂವರಿಗೆ ನಿಯಮ ರೂಪಿಸಿದ ಮೇಲೆ ಬೆಂಗಳೂರಿನಲ್ಲಿ ಕ್ರಾಫ್ಟ್ ಬಿಯರ್ ಶುರುವಾಯಿತು. 2011ರಲ್ಲಿ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್ ತೆರೆಯಿತು. ಇವತ್ತು ಆ ನಗರದಲ್ಲಿ ಹತ್ತಾರು ಕಡೆ ಅಲ್ಲೇ ಕುದಿಸಿ, ಅಲ್ಲೇ ಹುದುಗು ಬರಿಸಿ ಮಾರುತ್ತಾರೆ. ಈ ಬಿಯರ್‌ಗಳಲ್ಲಿ ಬ್ರೌನ್ ಏಲ್ ಎಂಬುದೊಂದಿದೆ. ಹೆಸರೇ ಬಣ್ಣದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ ಒಂದು ಪಾಲನ್ನು ಚೆನ್ನಾಗಿ ಹುರಿದು ಬಳಸುವುದರಿಂದ ಆ ಕಂದು ಬರುತ್ತದೆ. ಅದರ ಜತೆಗೆ ಹುರಿದ ಶೇಂಗಾ, ಕಾಯಿಸಿದ ಸಕ್ಕರೆ, ಸುಟ್ಟ ಬ್ರೆಡ್ಡಿನ ಅಂಚಿನಂಥ ವಾಸನೆಗಳೂ ಬರುತ್ತವೆ. ಬಿಯರ್‌ನ ಬಣ್ಣ ಅಳೆಯಲೂ ದ್ರವದ ಮೂಲಕ ಬೆಳಕು ಹಾಯಿಸುತ್ತಾರೆ, 430 ನ್ಯಾನೊಮೀಟರ್‌ನಲ್ಲಿ. ಯಂತ್ರ ಹೆಚ್ಚುಕಡಿಮೆ ಮೆಣಸಿನಕಾಯಿಯದೇ. ಬ್ರಿಟಿಷ್ ಬ್ರೌನ್ ಏಲ್‌ಗೆ 12ರಿಂದ 22, ಅಮೆರಿಕದ್ದಕ್ಕೆ 18ರಿಂದ 35 ಎಂದು ಆ ಬಣ್ಣದ ಮಾನವನ್ನೂ ಗೊತ್ತುಮಾಡಿದ್ದಾರೆ.

ಇಷ್ಟೆಲ್ಲ ಇದ್ದೂ ತೀರ್ಪಿನ ಹಾಳೆಯಲ್ಲಿ ಬಣ್ಣಕ್ಕೆ ಸಿಗುವುದೆಷ್ಟು? 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಪ್ರಮಾಣೀಕರಣ ವ್ಯವಸ್ಥೆಯ ಹಾಳೆಯನ್ನು ಇಂದು ಹಲವು ದೇಶಗಳ ಸ್ಪರ್ಧೆಗಳಲ್ಲಿ ಬಳಸುತ್ತಾರೆ. ಅದರಲ್ಲಿ ಒಟ್ಟು 50 ಅಂಕ. ವಾಸನೆಗೆ 12, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟಾರೆ ಅನುಭವಕ್ಕೆ 10. ಬಣ್ಣ, ತಿಳಿ, ನೊರೆ ಮೂರೂ ಸೇರಿ ಬರೇ 3. ಹೆಸರಿನಲ್ಲೇ ಕಂದು ಇರುವ ಪಾನೀಯ ಪೂರ್ತಿ ತಪ್ಪು ಬಣ್ಣದಲ್ಲಿ ಬಂದರೂ ಕಳೆದುಕೊಳ್ಳುವುದು ಅಷ್ಟೇ.

ಅಂಕಕ್ಕಿಂತ ದೊಡ್ಡದು ಹಾಳೆಯಲ್ಲಿ ಬರೆಯಲು ಬಿಟ್ಟ ಜಾಗ. ಗ್ಲಾಸಿನ ಮೇಲೆ ತಯಾರಕನ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ತೀರ್ಪುಗಾರರು ಒಬ್ಬರ ಮುಖ ಇನ್ನೊಬ್ಬರು ನೋಡದೆ ಮೊದಲು ಬರೆಯುತ್ತಾರೆ, ಆಮೇಲೆ ಮಾತಾಡುತ್ತಾರೆ. ಬೆಣ್ಣೆಯ ವಾಸನೆ ಬಂದರೆ ಹುದುಗು ತನ್ನ ಕೆಲಸ ಮುಗಿಸಿಲ್ಲ, ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿದೆ, ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿಸಿದ್ದು ಸಾಲಲಿಲ್ಲ. ಹೀಗೆ ದೋಷಕ್ಕೂ ಅದರ ಕಾರಣಕ್ಕೂ ಗಂಟು ಹಾಕಿ ಬರೆದು ಆ ಹಾಳೆಯನ್ನು ತಯಾರಕನಿಗೇ ಕಳಿಸುತ್ತಾರೆ. 50ಕ್ಕೆ 24 ಬಂದವನಿಗೆ ಮುಂದಿನ ಸಲ ಏನು ತಿದ್ದಬೇಕೆಂದು ಗೊತ್ತಾಗುತ್ತದೆ. ಬ್ಯಾಡಗಿಯಲ್ಲಿ ಕ್ವಿಂಟಲ್‌ಗೆ ನಿರೀಕ್ಷೆಗಿಂತ ನಾಲ್ಕು ಸಾವಿರ ಕಡಿಮೆ ಬಿದ್ದ ರೈತನಿಗೆ ಗೊತ್ತಾಗುವುದು ನಾಲ್ಕು ಸಾವಿರ ಹೋಯಿತೆಂದಷ್ಟೇ. ಕೊಯ್ಲು ತಡವಾಯಿತೋ, ಕಣದಲ್ಲಿ ಇಬ್ಬನಿ ಬಿತ್ತೋ, ಬಿಳಚಿದ ಕಾಯಿ ಹೆಚ್ಚಿದ್ದವೋ, ಪೇಟೆಯೇ ಕುಸಿದಿತ್ತೋ, ಅವನಿಗೆ ಹೇಳುವವರಿಲ್ಲ.

2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರು ಸಿಟ್ಟಿಗೆದ್ದದ್ದು, ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ರಾಜ್ಯಕ್ಕೆಲ್ಲ ಗೊತ್ತಿದೆ. ಅಂದಿನ ಕುಸಿತಕ್ಕೆ ವಿಪರೀತ ಆವಕವೂ ಸೇರಿ ಬೇರೆ ಕಾರಣಗಳಿದ್ದವು. ರುಚಿ ನೋಡುವ ಮೇಜೊಂದಿದ್ದರೆ ಅದು ತಪ್ಪುತ್ತಿತ್ತು ಎನ್ನುವುದು ಹುಡುಗಾಟದ ಮಾತು. ಆದರೆ ಮಾಲಿಗೆ ಸಿಕ್ಕ ದರದ ಹಿಂದಿನ ಕಾರಣ ಎಂದೂ ಬರವಣಿಗೆಯಲ್ಲಿ ಸಿಗದ ಕಡೆ ಎಲ್ಲ ಇಳಿಕೆಯೂ ಮೋಸದಂತೆಯೇ ಕಾಣುತ್ತದೆ. ಅಲ್ಲಿ ವರ್ತಕನ ಪ್ರಾಮಾಣಿಕತೆಗೂ ಸಾಕ್ಷಿಯಿಲ್ಲ.

ಇನ್ನು ಖಾರದ ಅಳತೆ ಹುಟ್ಟಿದ್ದೇ ನಾಲಿಗೆಯ ಮೇಲೆ. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೊವಿಲ್ ಮೆಣಸಿನಕಾಯಿ ಸಾರವನ್ನು ಮದ್ಯಸಾರದಲ್ಲಿ ತೆಗೆದು, ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತ ಹೋಗಿ, ಎಷ್ಟು ತೆಳುವಾದಾಗ ಪರೀಕ್ಷಕರಿಗೆ ಖಾರ ಹತ್ತುವುದಿಲ್ಲವೋ ಅದನ್ನೇ ಅಂಕ ಎಂದ. ಗುಂಟೂರು ಸಣ್ಣಂ ಆ ಲೆಕ್ಕದಲ್ಲಿ 35 ಸಾವಿರಕ್ಕೂ ಮೇಲೆ. ಬ್ಯಾಡಗಿ ಅದಕ್ಕಿಂತ ಎಷ್ಟೋ ಕೆಳಗೆ. ಒಂದೆರಡು ತುತ್ತು ಖಾರ ಹತ್ತಿದ ಮೇಲೆ ಪರೀಕ್ಷಕನ ನಾಲಿಗೆ ಮೊಂಡಾಗುವುದರಿಂದ ಪ್ರಯೋಗಾಲಯಗಳು ಕ್ರಮೇಣ ಈ ಪದ್ಧತಿ ಬಿಟ್ಟು ಯಂತ್ರಕ್ಕೆ ಹೋದವು. ರುಚಿ ಪರೀಕ್ಷೆ ಬೇಡ ಎನ್ನುವವರ ಮೊದಲ ಆಕ್ಷೇಪವೂ ಇದೇ: ಮೆಣಸಿನಕಾಯಿ ತಿಂದು ತೀರ್ಪು ಕೊಡುವುದು ಮನುಷ್ಯರಿಂದ ಆಗುವ ಕೆಲಸವೇ?

ಆಗುತ್ತದೆ, ಖಾರವನ್ನು ಯಂತ್ರಕ್ಕೆ ಬಿಟ್ಟರೆ. ಖಾರ ಅಸಲಿಗೆ ರುಚಿಯೇ ಅಲ್ಲ, ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರಗಳನ್ನೇ ಅದು ಕೆಣಕುತ್ತದೆ. ಆ ನರಗಳಲ್ಲಿರುವ ಗ್ರಾಹಕವನ್ನು (ರಿಸೆಪ್ಟರ್) ಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಬಳಸಿಯೇ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಂತು. ನಾಲಿಗೆ ಮತ್ತು ಮೂಗಿಗೆ ಕೊಡಬೇಕಾದ ಕೆಲಸ ಬೇರೆ: ಒಣ ಕಾಯಿ ಮುರಿದಾಗಿನ ವಾಸನೆ, ಹಂಚಿನ ಮೇಲೆ ಬೆಚ್ಚಗಾದಾಗಿನ ವಾಸನೆ, ಕಾದ ಎಣ್ಣೆಗೆ ಬಿದ್ದಾಗ ಏಳುವ ಘಾಟು, ಬೇಳೆಕಟ್ಟಿನಲ್ಲಿ ಕುದಿದ ಮೇಲೆ ಉಳಿಯುವ ಸಿಹಿ ಅಥವಾ ಕಹಿ. ಬ್ಯಾಡಗಿ ಕಾಯಿ ಖಾರದಲ್ಲಿ ಸೌಮ್ಯವಾದ್ದರಿಂದಲೇ ಇದಕ್ಕೆಲ್ಲ ಜಾಗವಿದೆ. ಉಡುಪಿ ಕಡೆಯ ಸಾರಿನ ಪುಡಿಗೂ ಮಂಗಳೂರಿನ ಮೀನಿನ ಸಾರಿಗೂ ಈ ಕಾಯಿಯೇ ಆಗಬೇಕು ಎಂದು ಹಟ ಹಿಡಿಯುವವರು ಆಸ್ಟಾ ವರದಿ ಓದಿ ಹಟ ಹಿಡಿದವರಲ್ಲ.

ಹಾವೇರಿ, ರಾಣೆಬೆನ್ನೂರು ಕಡೆ ಬೇಸಿಗೆ ಬಂತೆಂದರೆ ವರ್ಷಕ್ಕಾಗುವಷ್ಟು ಖಾರ ಕುಟ್ಟಿಸುವ ಮನೆಗಳು ಇನ್ನೂ ಇವೆ. ಅಲ್ಲಿನ ಹಿರಿಯ ಹೆಣ್ಣುಮಕ್ಕಳು ಕಾಯಿ ಆರಿಸುವುದನ್ನು ನೋಡಬೇಕು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾರೆ, ತೊಟ್ಟಿನ ಬುಡ ಮುರಿದು ಬೂಸ್ಟು ಇದೆಯೇ ನೋಡುತ್ತಾರೆ, ಎರಡು ಕಾಯಿ ಹಂಚಿಗೆ ಹಾಕಿ ಹೊಗೆ ಏಳುವ ಮೊದಲೇ ಮೂಸುತ್ತಾರೆ. ಬಣ್ಣಕ್ಕೆ ಕಡ್ಡಿ, ರುಚಿಗೆ ಡಬ್ಬಿ, ಖಾರಕ್ಕೊಂದು ಮುಷ್ಟಿ ಗುಂಟೂರು ಎಂದು ಅಳತೆ ಹಾಕುವವರೂ ಇದ್ದಾರೆ. ತೀರ್ಪುಗಾರರ ಮೇಜಿನಲ್ಲಿ ಮೊದಲ ಕುರ್ಚಿ ಇವರದಾಗಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ರುಚಿ ಅವರವರ ಇಷ್ಟ. ಇದಕ್ಕೂ ಉತ್ತರ ಬಂದದ್ದು ಬಿಯರ್ ಕಾರ್ಖಾನೆಯಿಂದಲೇ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್‌ನಲ್ಲಿ ಒಂದು ಸರಳ ಪರೀಕ್ಷೆ ಬೆಳೆಯಿತು. ಪರೀಕ್ಷಕನ ಮುಂದೆ ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದು, ಹೇಳು. ಇಷ್ಟಾನಿಷ್ಟದ ಮಾತೇ ಇಲ್ಲ. ಊಹೆಯಿಂದ ಸರಿ ಹೇಳುವ ಸಾಧ್ಯತೆ ಮೂರರಲ್ಲಿ ಒಂದು. ಹತ್ತಾರು ಸಲ ಕೊಟ್ಟು, ಅದಕ್ಕಿಂತ ಸಾಕಷ್ಟು ಹೆಚ್ಚು ಸಲ ಸರಿಯಾದರೆ ವ್ಯತ್ಯಾಸ ನಿಜ, ಪರೀಕ್ಷಕನೂ ನಿಜ. ಇದನ್ನೇ ಮೆಣಸಿನಕಾಯಿಗೆ ತರಬಹುದು. ಎರಡು ಬಟ್ಟಲಲ್ಲಿ ಕುಂದಗೋಳ ಸೀಮೆಯ ಮಳೆಯಾಶ್ರಿತ ಡಬ್ಬಿ, ಒಂದರಲ್ಲಿ 5531 ಅಥವಾ 2043ರಂಥ ಸಂಖ್ಯೆಯ ಹೆಸರಿನ ಸಂಕರಣ ತಳಿ. ಗೊತ್ತು ಹಿಡಿದವರು ಮೇಜಿಗೆ ಬರಲಿ, ಹಿಡಿಯದವರು ಊಟಕ್ಕೆ ಬರಲಿ.

ಕಾಫಿಯವರು ಈ ದಾರಿಯಲ್ಲಿ ಎಂದೋ ಮುಂದೆ ಹೋಗಿದ್ದಾರೆ. ಕಾಫಿ ಮಂಡಳಿ 2002ರಿಂದ ‘ಫ್ಲೇವರ್ ಆಫ್ ಇಂಡಿಯಾ’ ಎಂಬ ಸ್ಪರ್ಧೆ ನಡೆಸುತ್ತ ಬಂದಿದೆ. ರುಚಿ ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಮುಟ್ಟಿದರೆ ವಿಶೇಷ ದರ್ಜೆ ಎಂಬ ಲೆಕ್ಕ ಇಂದು ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಹೊಸದಲ್ಲ.

ರುಚಿಯನ್ನು ಬರೆದಿಡದಿದ್ದರೆ ಆಗುವ ನಷ್ಟ ಪೇಟೆಯಲ್ಲಿ ನಿಲ್ಲದೆ ಬೀಜದವರೆಗೂ ಹೋಗುತ್ತದೆ. ರಾಣೆಬೆನ್ನೂರು ಸಂಕರಣ ಬೀಜೋತ್ಪಾದನೆಗೆ ಹೆಸರಾದ ಊರು. ಸುತ್ತಲ ಹಳ್ಳಿಗಳ ನೆರಳುಪರದೆಯೊಳಗೆ ಹೆಣ್ಣುಮಕ್ಕಳು ಅರಳದ ಹೂವನ್ನು ಚಿಮಟಿಗೆಯಿಂದ ಬಿಡಿಸಿ, ಕೇಸರ ಕಿತ್ತು, ಮರುದಿನ ಬೇರೆ ಗಿಡದ ಪರಾಗ ಸವರುತ್ತಾರೆ. ಅಷ್ಟು ಸೂಕ್ಷ್ಮದ ಕೆಲಸ. ಆದರೆ ಯಾವ ಗಿಡಕ್ಕೆ ಯಾವುದನ್ನು ಕೂಡಿಸಬೇಕೆಂದು ನಿರ್ಧರಿಸುವವರು ಪೇಟೆ ದುಡ್ಡು ಕೊಡುವ ಗುಣಗಳನ್ನೇ ಹುಡುಕುತ್ತಾರೆ. ಇಳುವರಿ, ರೋಗ ತಾಳಿಕೆ, ಬಣ್ಣ. ಘಮಕ್ಕೆ ಅಂಕವಿಲ್ಲ, ಹಾಗಾಗಿ ಅದು ಪಟ್ಟಿಯಲ್ಲಿಲ್ಲ. ಎಕರೆಗೆ ಕೆಲವೇ ಕ್ವಿಂಟಲ್ ಕೊಡುವ, ಮುಟುರು ರೋಗಕ್ಕೆ ಬೇಗ ಬೀಳುವ ಡಬ್ಬಿಯನ್ನು ರೈತ ಬಿಟ್ಟರೆ ಅವನನ್ನು ದೂರುವಂತಿಲ್ಲ. ಡಬ್ಬಿಗೆ ಪೇಟೆಯಲ್ಲಿ ಹೆಚ್ಚು ದರ ಇದೆಯೆಂಬುದು ನಿಜ. ಆ ಹೆಚ್ಚಳ ಡಬ್ಬಿ ಎಂಬ ಹೆಸರಿಗೆ, ಆಕಾರಕ್ಕೆ. ಒಂದು ಹೊಲದ ಡಬ್ಬಿ ಇನ್ನೊಂದು ಹೊಲದ್ದಕ್ಕಿಂತ ರುಚಿಯಲ್ಲಿ ಮೇಲೆಂದು ಸಾಬೀತು ಮಾಡುವ ದಾರಿ ರೈತನಿಗಿಲ್ಲ.

ಜಿಐ ಇದೆಯಲ್ಲ ಎನ್ನಬಹುದು. ಬ್ರೌನ್ ಏಲ್‌ಗಳಲ್ಲಿ ಜಗತ್ತಿಗೆ ಹೆಚ್ಚು ಪರಿಚಿತವಾದ ನ್ಯೂಕಾಸಲ್ ಬ್ರೌನ್ ಏಲ್‌ನ ಕತೆ ಇಲ್ಲಿ ಕೇಳುವಂತಿದೆ. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜಿಮ್ ಪೋರ್ಟರ್ ಅದನ್ನು ಹೊರತಂದದ್ದು 1927ರಲ್ಲಿ. ಮರುವರ್ಷವೇ ಲಂಡನ್ನಿನ ಪ್ರದರ್ಶನದಲ್ಲಿ ಪದಕ ಬಂತು. 2000ದಲ್ಲಿ ಯುರೋಪಿನ ಭೌಗೋಳಿಕ ರಕ್ಷಣೆ ಸಿಕ್ಕಿತು, ಆ ಹೆಸರಿನ ಬಿಯರ್ ಆ ಊರಿನಲ್ಲೇ ಆಗಬೇಕು ಎಂದು. ಕೆಲವೇ ವರ್ಷಗಳಲ್ಲಿ ಕಂಪನಿ ಟೈನ್ ನದಿಯ ಆಚೆ ದಡದ ಗೇಟ್ಸ್‌ಹೆಡ್‌ಗೆ ಕಾರ್ಖಾನೆ ಸಾಗಿಸಿತು, 2007ರಲ್ಲಿ ರಕ್ಷಣೆಯನ್ನು ತಾನೇ ಕೇಳಿ ರದ್ದು ಮಾಡಿಸಿಕೊಂಡಿತು. ಬಿಯರ್ ನಿಲ್ಲಲಿಲ್ಲ, ಹೆಸರೂ ಹೋಗಲಿಲ್ಲ, ಊರು ಮಾತ್ರ ಹೋಯಿತು.

ಬ್ಯಾಡಗಿಗೆ ಬರುವ ಚೀಲಗಳಲ್ಲಿ ಬ್ಯಾಡಗಿ ತಾಲ್ಲೂಕಿನ ಪಾಲು ಈಗ ಸಣ್ಣದು. ಧಾರವಾಡ, ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರುಗಳಿಂದ, ಆಂಧ್ರ, ತೆಲಂಗಾಣಗಳಿಂದ ಮಾಲು ಬಂದು ಬೀಳುತ್ತದೆ. ಇಲ್ಲಿನ ಶೀತಲಗೃಹಗಳಲ್ಲಿ ತಂಗಿ, ತೊಟ್ಟು ಬಿಡಿಸಿಕೊಂಡು, ‘ಬ್ಯಾಡಗಿ ಮಾಲು’ ಎಂದು ಮುಂದೆ ಹೋಗುತ್ತದೆ. ಊರು ಮಾರುಕಟ್ಟೆಯಾಗಿ ಬೆಳೆದದ್ದು ಅಭಿಮಾನದ ಸಂಗತಿಯೇ. ಆದರೆ ಪೊಟ್ಟಣದ ಮೇಲೆ ಹೆಸರು ಹಾಕುವವರನ್ನು ತಡೆಯಲು ಜಿಐ ಕಾಗದ ಒಂದೇ ಸಾಲದು. ಇದು ಬ್ಯಾಡಗಿ ಹೌದೋ ಅಲ್ಲವೋ ಎಂದು ಬಾಯಿಗೆ ಹಾಕಿ ಹೇಳಬಲ್ಲ ಹತ್ತು ಜನ, ಅವರು ಸಹಿ ಹಾಕಿದ ಹಾಳೆ ಬೇಕು.

ಲಕ್ಷಗಟ್ಟಲೆ ಚೀಲ ಬರುವ ದಿನ ಎಲ್ಲ ಲಾಟಿನ ರುಚಿ ನೋಡಿ ಎಂದು ಯಾರೂ ಹೇಳುತ್ತಿಲ್ಲ. ಟೆಂಡರ್ ಈಗಿರುವಂತೆಯೇ ನಡೆಯಲಿ. ಅದರ ಪಕ್ಕದಲ್ಲಿ ಡಬ್ಬಿ, ಕಡ್ಡಿ ಬೆಳೆದವರು ಇಷ್ಟಪಟ್ಟು ತರುವ ಒಂದೊಂದು ಕಿಲೋ ನಮೂನೆಗೆ ಬೇರೆ ಮೇಜು ಹಾಕಿದರೆ ಸಾಕು. ನಮೂನೆಗೆ ಮೂರಂಕಿಯ ಗುರುತು, ಒಂದು ಕೂಟಕ್ಕೆ ಐದಾರಕ್ಕಿಂತ ಹೆಚ್ಚು ಬೇಡ, ನಡುನಡುವೆ ಬಾಯಿಗೆ ಮೊಸರು. ಕ್ಯಾಪ್ಸೈಸಿನ್ ನೀರಿಗೆ ಕರಗದು, ಗುಟುಕು ಗುಟುಕು ನೀರು ಕುಡಿದು ಪ್ರಯೋಜನವಿಲ್ಲ. ಅಂಕದ ಹಾಳೆಯಲ್ಲಿ ಬಣ್ಣಕ್ಕೆ 50ಕ್ಕೆ 10 ಇರಲಿ. ಬಿಯರ್‌ನವರ 3 ಇಲ್ಲಿ ನಡೆಯದು, ಸಾರಿಗೆ ಕೆಂಪು ಕೊಡುವುದು ಈ ಕಾಯಿಯ ಕಸುಬೇ ತಾನೆ. ಉಳಿದ 40 ವಾಸನೆ, ರುಚಿ, ಸಿಪ್ಪೆಯ ಗುಣ, ಸ್ವಚ್ಛತೆಗೆ ಹಂಚಿಕೆಯಾಗಲಿ. ಕೊನೆಯಲ್ಲಿ ನಾಲ್ಕು ಸಾಲು ಬರೆಯುವ ಜಾಗ ಕಡ್ಡಾಯ, ಖಾಲಿ ಬಿಟ್ಟ ಹಾಳೆ ಲೆಕ್ಕಕ್ಕಿಲ್ಲ.

ಇದಕ್ಕೆ ಹೊಸ ಸಂಸ್ಥೆ ಕಟ್ಟುವ, ಗುದ್ದಲಿಪೂಜೆ ಮಾಡುವ ಗೋಜೂ ಇಲ್ಲ. ಹಾವೇರಿ ಮಗ್ಗುಲಿನ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಆಹಾರ ತಂತ್ರಜ್ಞಾನ ಕಾಲೇಜಿದೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರುಚಿ ಪರೀಕ್ಷೆಯ ಶಾಸ್ತ್ರವನ್ನು ದಶಕಗಳಿಂದ ಕಲಿಸುತ್ತಿರುವ ಸಿಎಫ್‌ಟಿಆರ್‌ಐ ಮೈಸೂರಿನಲ್ಲಿದೆ. ಎಪಿಎಂಸಿ ಒಂದು ಕೋಣೆ, ಒಂದು ಒಲೆ, ಹತ್ತು ಹಂಚು ಕೊಡಬೇಕು, ಮಸಾಲೆ ಕಂಪನಿಗಳು ಬಹುಮಾನದ ಲಾಟುಗಳನ್ನು ಹೆಚ್ಚಿನ ದರಕ್ಕೆ ಕೊಳ್ಳುವ ಮಾತು ಕೊಡಬೇಕು. ವರ್ತಕರು ಮೊದಲಿಗೆ ನಗಬಹುದು, ತಮ್ಮ ಬೆರಳಿನ ಗುಟ್ಟು ಹಾಳೆಗೆ ಇಳಿಯುವುದು ಎಲ್ಲರಿಗೂ ರುಚಿಸದು. ಆವಕ ಏರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಅಷ್ಟರೊಳಗೆ ತೀರ್ಪುಗಾರರನ್ನು ಮೂರು ಬಟ್ಟಲಿನ ಪರೀಕ್ಷೆಗೆ ಕೂರಿಸಿ ಆರಿಸಬೇಕೆಂದರೆ ಮೊದಲ ಕಾಯಿ ಕಣಕ್ಕೆ ಬೀಳುವ ಡಿಸೆಂಬರ್‌ನಲ್ಲೇ ಕೆಲಸ ಶುರುವಾಗಬೇಕು.